ಸದ್ದನ್ನು ಸಂಖ್ಯೆಯಾಗಿಸಿದ ಅಲೆಕ್ ರೀವ್ಸ್

ಕಳೆದ ಸೆಮಿಸ್ಟರ್ ರಜೆಯಲ್ಲಿ ಅಪ್ಪನ ಹಳೆಯ ಪವರ್ ಆಂಪ್ಲಿಫೈಯರ್ ರಿಪೇರಿ ಮಾಡಿದೆ. ಜೊತೆಗಿದ್ದ ಪ್ರಿಆಂಪ್ ಸೇರಿಸಿದರೆ ಹಾಡು ನಿಂತಾಗಲೂ ಸ್ಪೀಕರಿನಲ್ಲಿ ‘ಸ್ಸ್’ ಎನ್ನುವ ಸದ್ದು. ಬೇಸತ್ತು ಅದನ್ನು ಕಿತ್ತು, ವಾಲ್ಯೂಮ್ ಗುಂಡಿ ಇರುವ ಪುಟ್ಟ ಡಿಎಸಿಯನ್ನೇ ನೇರವಾಗಿ ಜೋಡಿಸಿದೆ. ಡಿಎಸಿ ಎಂದರೆ ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಇರುವ ಹಾಡಿನ ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಬದಲಿಸುವ ಪೆಟ್ಟಿಗೆ. ಅದು ಕೊಡುವ 2 ವೋಲ್ಟ್ ಪವರ್ ಆಂಪ್ಲಿಫೈಯರಿಗೆ ಸಾಕು. ಸದ್ದು ಮಾಯವಾಯಿತು. ನಡುವಿನ ಪೆಟ್ಟಿಗೆಯೇ ಬೇಡ ಎಂದರೆ ಅಪ್ಪ ನಂಬಲಿಲ್ಲ.

ನಡುವೆ ಬರುವ ಪ್ರತಿ ಆಂಪ್ಲಿಫೈಯರ್ ತನ್ನ ಗದ್ದಲವನ್ನೂ ಸೇರಿಸುತ್ತದೆ ಎಂಬ ಈ ತಲೆನೋವು 1930ರ ದಶಕದಲ್ಲೇ ಅಲೆಕ್ ರೀವ್ಸ್ ಅವರನ್ನು ಕಾಡಿತ್ತು. ಇ.ಸಿ. ವಿಭಾಗದ ನಾವೆಲ್ಲ ಪರೀಕ್ಷೆಯಲ್ಲಿ ಪಲ್ಸ್ ಕೋಡ್ ಮಾಡ್ಯುಲೇಷನ್, ಅಂದರೆ ಪಿಸಿಎಂ ಚಿತ್ರ ಬರೆದು ಅಂಕ ಗಿಟ್ಟಿಸುತ್ತೇವೆ. ಅದು ಅವರದೇ. ಅವರ ಬದುಕು ಮಾತ್ರ ಸಿಲೆಬಸ್‌ನಲ್ಲಿಲ್ಲ.

ರೀವ್ಸ್ ಹುಟ್ಟಿದ್ದು 1902ರಲ್ಲಿ, ಇಂಗ್ಲೆಂಡಿನ ರೆಡ್‌ಹಿಲ್‌ನಲ್ಲಿ. ಲಂಡನ್ನಿನಲ್ಲಿ ಎಂಜಿನಿಯರಿಂಗ್ ಓದಿ ದೂರವಾಣಿ ಕ್ಷೇತ್ರಕ್ಕೆ ಬಂದರು. ಮುಂದೆ ಐಟಿಟಿ ಕಂಪನಿಯ ಪ್ಯಾರಿಸ್ ಪ್ರಯೋಗಾಲಯ ಸೇರಿದರು. ಆಗ ದೂರದ ಕರೆಗೆ ದಾರಿಯುದ್ದಕ್ಕೂ ಆಂಪ್ಲಿಫೈಯರ್ ಬೇಕಿತ್ತು. ಮಾತಿನ ಜೊತೆ ಗದ್ದಲವೂ ಬೆಳೆಯುತ್ತಿತ್ತು. 1937ರಲ್ಲಿ ಅವರಿಗೆ ಬೇರೆಯೇ ದಾರಿ ಹೊಳೆಯಿತು. ಧ್ವನಿಯ ಅಲೆಯನ್ನು ಆಗಾಗ ಅಳೆದು, ಆ ಅಳತೆಯನ್ನು ಸಂಖ್ಯೆಯಾಗಿಸಿ, ಮಿಡಿತಗಳಾಗಿ ಕಳಿಸಿದರೆ? ಆಗ ದಾರಿಯಲ್ಲಿ ತಿಳಿಯಬೇಕಾದ್ದು ಮಿಡಿತ ಇದೆಯೋ ಇಲ್ಲವೋ ಎಂಬುದಷ್ಟೇ. ಇದ್ದರೆ ಹೊಸದಾಗಿ ಮಾಡಿ ಮುಂದೆ ಕಳಿಸಬಹುದು. ಗದ್ದಲ ಹಿಂದೆಯೇ ಉಳಿಯುತ್ತದೆ.

ಅವರು ಇಟ್ಟುಕೊಂಡದ್ದು 5 ಬಿಟ್, ಅಂದರೆ 32 ಮಟ್ಟ. ಸಿಡಿಯಲ್ಲಿ ಇರುವುದು 16 ಬಿಟ್, 65,536 ಮಟ್ಟ. (ನನ್ನ ಡಿಎಸಿಯಲ್ಲೂ ಲೆಕ್ಕ ಇದೇ: ವಾಲ್ಯೂಮನ್ನು ಅಂಕಿಯಲ್ಲೇ ಅರ್ಧಕ್ಕೆ ಇಳಿಸಿದಾಗಲೆಲ್ಲ ಒಂದು ಬಿಟ್ ಖರ್ಚು. ಅದು 24 ಬಿಟ್‌ನದ್ದಾದ್ದರಿಂದ ಚಿಂತೆಯಿಲ್ಲ.)

ಪೇಟೆಂಟ್ ಸಿಕ್ಕಿತು, ಹಣ ಬರಲಿಲ್ಲ. ಟ್ರಾನ್ಸಿಸ್ಟರ್ ಇನ್ನೂ ಹುಟ್ಟಿರಲಿಲ್ಲ; ವಾಲ್ವ್‌ಗಳಿಂದ ಇದನ್ನು ಕಟ್ಟುವುದು ವಿಪರೀತ ದುಬಾರಿ. 1940ರಲ್ಲಿ ಜರ್ಮನ್ ಸೇನೆ ಬಂದಾಗ ಅವರು ಪ್ಯಾರಿಸ್ ಬಿಟ್ಟು ಇಂಗ್ಲೆಂಡಿಗೆ ಮರಳಿದರು. ಯುದ್ಧವನ್ನು ಒಪ್ಪದ ಮನುಷ್ಯ ಅಲ್ಲಿ ವಿಮಾನಗಳನ್ನು ಗುರಿಗೆ ಕರೆದೊಯ್ಯುವ ‘ಓಬೊ’ ರೇಡಿಯೊ ವ್ಯವಸ್ಥೆ ರೂಪಿಸಿದರು. ಅವರ ಬದುಕಿನಲ್ಲಿ ನನಗೆ ಸುಲಭಕ್ಕೆ ಅರ್ಥವಾಗದ ಭಾಗ ಇದು.

ಅಮೆರಿಕದಲ್ಲಿ ಪಿಸಿಎಂ ಸಾರ್ವಜನಿಕ ದೂರವಾಣಿಗೆ ಬಂದದ್ದು 1962ರಲ್ಲಿ. ಅಷ್ಟು ಹೊತ್ತಿಗೆ ಪೇಟೆಂಟಿನ ಆಯುಷ್ಯ ಮುಗಿದಿತ್ತು. ಇಪ್ಪತ್ತಕ್ಕೇ ಪ್ಲೇಸ್‌ಮೆಂಟ್ ಸಿಗದಿದ್ದರೆ ಬದುಕೇ ಮುಗಿಯಿತು ಎನ್ನುವ ನಮಗೆ ವಿಚಿತ್ರ ಅನಿಸಬಹುದು, ರೀವ್ಸ್ ಹಿಂದೆ ನೋಡುತ್ತ ಕೂರಲಿಲ್ಲ. ಆಗ ಅವರು ಹಾರ್ಲೊ ಪಟ್ಟಣದ ಪ್ರಯೋಗಾಲಯದಲ್ಲಿ ಬೆಳಕಿನ ಮೂಲಕ ಸಂದೇಶ ಕಳಿಸುವ ಸಂಶೋಧನೆಗೆ ಬೆನ್ನೆಲುಬಾಗಿದ್ದರು. ಗಾಜಿನ ಎಳೆಯ ಕೆಲಸಕ್ಕೆ 2009ರಲ್ಲಿ ನೊಬೆಲ್ ಪಡೆದ ಚಾರ್ಲ್ಸ್ ಕಾವೊ ಅಲ್ಲಿಯವರೇ.

1969ರಲ್ಲಿ ಬ್ರಿಟನ್ ಪಿಸಿಎಂ ಬಗ್ಗೆ ಅಂಚೆಚೀಟಿ ತಂದಿತು. 1971ರಲ್ಲಿ ರೀವ್ಸ್ ತೀರಿಕೊಂಡರು. ಸಿಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ತಮ್ಮ ಅಂಕಿಗಳು ಹಾಡುವುದನ್ನು ಅವರು ಮನೆಯಲ್ಲಿ ಕೂತು ಕೇಳಲಿಲ್ಲ.

ಕಿತ್ತ ಪ್ರಿಆಂಪ್ ಈಗ ಅಟ್ಟದಲ್ಲಿದೆ. ರೆಕಾರ್ಡ್ ಪ್ಲೇಯರ್ ಜೋಡಿಸಲು ಅದೇ ಬೇಕಂತೆ, ಅಪ್ಪ ಎಸೆಯಲು ಬಿಡುತ್ತಿಲ್ಲ.