ಮೂಳೆಯ ಮರೆಯ ರಕ್ತಪಥ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಮೊದಲಾದ ಊರುಗಳಲ್ಲಿ ಮಗುವಿನ ತಲೆಯ ಮೇಲೆ ಬುಗುಟು ಕಂಡರೆ ಎಲ್ಲೋ ಬಿದ್ದ ಪೆಟ್ಟೆಂದು ಹಿರಿಯರು ಭಾವಿಸುವುದು ಸಹಜ. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ತೀರ ವಿರಳವಾದ ಒಂದು ಬಗೆಯ ಬುಗುಟು ಮಗು ಅತ್ತಾಗ, ಬಾಗಿದಾಗ ಉಬ್ಬುತ್ತದೆ. ನೆಟ್ಟಗೆ ಕುಳಿತೊಡನೆ ತಗ್ಗುತ್ತದೆ. ನೆತ್ತಿಯ ಅಭಿಧಮನಿಗಳು ತಲೆಬುರುಡೆಯ ರಂಧ್ರಗಳ ಮೂಲಕ ಒಳಗಿನ ಹಿರಿಯ ರಕ್ತನಾಳದೊಡನೆ ಕೂಡಿಕೊಂಡಿರುವುದೇ ಇದಕ್ಕೆ ಕಾರಣ. ಮಿದುಳಿನ ರಕ್ತವು ಮುಖ್ಯವಾಗಿ ಈ ದಾರಿಯಿಂದಲೇ ಹೊರಬರುತ್ತಿದ್ದರೆ, ಅದನ್ನು ಮುಚ್ಚುವುದು ಪ್ರಾಣಕ್ಕೇ ಅಪಾಯ. ಆದುದರಿಂದ ಮೂಳೆಯ ಮರೆಯಲ್ಲಿ ರಕ್ತ ಹರಿಯುವ ಬಗೆಯನ್ನು ವೈದ್ಯರು ಮೊದಲು ಕಾಣಬೇಕು. ಕಾಣುವ ಉಪಾಯವನ್ನು ಲೋಕಕ್ಕೆ ಕೊಟ್ಟವರು ಪೋರ್ಚುಗಲ್ ದೇಶದ ಎಗಾಸ್ ಮೋನಿಜ್.

ಮೋನಿಜ್ 1874ರ ನವೆಂಬರ್ 29ರಂದು ಅವಂಕ ಎಂಬ ಊರಿನಲ್ಲಿ ಜನಿಸಿದರು. ಎಗಾಸ್ ಮೋನಿಜ್ ಎಂಬುದು ಮಧ್ಯಯುಗದ ವೀರನೊಬ್ಬನ ಹೆಸರು. ಅದೇ ಇವರಿಗೆ ನಿಂತಿತು. ಕೊಯಿಂಬ್ರಾದಲ್ಲಿ ವೈದ್ಯಶಾಸ್ತ್ರವನ್ನೂ ಫ್ರಾನ್ಸಿನಲ್ಲಿ ನರರೋಗಗಳನ್ನೂ ಅಭ್ಯಸಿಸಿ, 1911ರಲ್ಲಿ ಲಿಸ್ಬನ್ನಿನಲ್ಲಿ ಪ್ರಾಧ್ಯಾಪಕರಾದರು. ರಾಜಕಾರಣವೂ ಅವರನ್ನು ಸೆಳೆಯಿತು. 1918ರಲ್ಲಿ ವಿದೇಶಾಂಗ ಸಚಿವರಾದರು. ಅವರ ಹೆಸರನ್ನು ಉಳಿಸಿದ ಕಾರ್ಯ ಆರಂಭವಾದದ್ದು ಐವತ್ತು ದಾಟಿದ ಮೇಲೆ.

ರಾಂಟ್ಜೆನ್ 1895ರಲ್ಲಿ ಕಂಡುಹಿಡಿದ ಕ್ಷ-ಕಿರಣಗಳು ಎಲುಬನ್ನು ತೋರಿಸುತ್ತಿದ್ದುವು. ಮಿದುಳನ್ನಾಗಲಿ ಅದರ ರಕ್ತನಾಳಗಳನ್ನಾಗಲಿ ತೋರಿಸುತ್ತಿರಲಿಲ್ಲ. ಆ ಕಿರಣಗಳನ್ನು ತಡೆಯುವ ದ್ರವವನ್ನು ಕೊರಳಿನ ಧಮನಿಗೆ ಹೊಗಿಸಿದರೆ ನಾಳಗಳ ನೆರಳು ಮೂಡೀತೆಂದು ಮೋನಿಜ್ ಊಹಿಸಿದರು. ಪ್ರಾಣಿಗಳ ಮೇಲೂ ಶವಗಳ ಮೇಲೂ ಪರೀಕ್ಷಿಸಿದರು. ಸಂಧಿವಾತದಿಂದ ಅವರ ಕೈಗಳು ಸೊಟ್ಟಗಾಗಿದ್ದುವು. ಸೂಜಿ ಹಿಡಿದವರು ಕಿರಿಯ ಸಹೋದ್ಯೋಗಿ ಅಲ್ಮೈಡಾ ಲಿಮಾ. ಮೊದಲು ಬಳಸಿದ್ದು ಸ್ಟ್ರಾಂಷಿಯಂ ಬ್ರೋಮೈಡ್ ಎಂಬ ಲವಣ. ಅದನ್ನು ಪಡೆದ ರೋಗಿಯೊಬ್ಬರು ತೀರಿಕೊಂಡರು. ಅಲ್ಲಿಗೇ ನಿಲ್ಲಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಮೋನಿಜ್ ನೊಂದರು, ಆ ಲವಣವನ್ನು ಬಿಟ್ಟರು, ಸೋಡಿಯಂ ಅಯೊಡೈಡನ್ನು ಆರಿಸಿಕೊಂಡರು. 1927ರ ಜೂನ್ 28ರಂದು ತರುಣನೊಬ್ಬನ ಮಿದುಳಿನ ಧಮನಿಗಳು ಚಿತ್ರಪಟದ ಮೇಲೆ ಸ್ಪಷ್ಟವಾಗಿ ಮೂಡಿದುವು. ಒಳಗಿನ ಗೆಡ್ಡೆ ಅವುಗಳನ್ನು ಪಕ್ಕಕ್ಕೆ ಒತ್ತಿದ್ದುದೂ ಕಂಡಿತು.

ಈ ವಿಧಾನಕ್ಕೆ ಆಂಜಿಯೊಗ್ರಾಮ್ ಎಂಬ ಹೆಸರಾಯಿತು. ಈಗ ತೊಡೆಯ ಇಲ್ಲವೇ ಮಣಿಕಟ್ಟಿನ ಧಮನಿಯಿಂದ ಸಪೂರವಾದ ನಳಿಗೆಯನ್ನು ತೂರಿಸಿ ಕೊರಳಿನವರೆಗೆ ಒಯ್ಯುತ್ತಾರೆ. ಕೆಲವೊಮ್ಮೆ ಅಂಥದೇ ನಳಿಗೆಯಿಂದ ಅಂಟುದ್ರವ ಹಾಯಿಸಿ, ಕೆಟ್ಟ ನಾಳವನ್ನು ಮುಚ್ಚುವುದೂ ಉಂಟು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗಳಲ್ಲಿ ಇದು ರೂಢಿಯ ಕೆಲಸ.

ಮೋನಿಜರ ಎಲ್ಲ ಹೆಜ್ಜೆಗಳೂ ಶುಭವಾಗಲಿಲ್ಲ. 1931ರಿಂದ ಅವರು ಬಳಸಿದ ಥೊರೊಟ್ರಾಸ್ಟ್ ದ್ರವ ವಿಕಿರಣಶೀಲವಾದುದು. ಅದು ದೇಹದಲ್ಲೇ ಉಳಿದು ಕ್ಯಾನ್ಸರ್ ತರುವುದೆಂದು ಮುಂದೆ ತಿಳಿಯಿತು. 1949ರಲ್ಲಿ ನೊಬೆಲ್ ಪಾರಿತೋಷಕ ದೊರೆತದ್ದು ಕೂಡ ರಕ್ತನಾಳಗಳ ಚಿತ್ರಕ್ಕಲ್ಲ. ಮನೋರೋಗಿಗಳ ಮಿದುಳಿನ ತಂತುಗಳನ್ನು ಕತ್ತರಿಸುವ ಶಸ್ತ್ರಕ್ರಿಯೆಗೆ. ಅನೇಕರನ್ನು ಜಡವಾಗಿಸಿದ ಆ ಕ್ರಮವನ್ನು ವೈದ್ಯಲೋಕ ತೊರೆದಿದೆ. ಪಾರಿತೋಷಕ ತಪ್ಪಾದ ಕಡೆಗೆ ಹೋಯಿತೆನ್ನಬೇಕು. 1939ರಲ್ಲಿ ರೋಗಿಯೊಬ್ಬನ ಗುಂಡೇಟಿನಿಂದ ಬದುಕಿ ಉಳಿದ ಮೋನಿಜ್, 1955ರ ಡಿಸೆಂಬರ್ 13ರಂದು ಲಿಸ್ಬನ್ನಿನಲ್ಲಿ ನಿಧನರಾದರು.