ಡೂಪ್ಲೆಯ ಏಳುಬೀಳು

ಭಾರತದಲ್ಲಿ ಪರಕೀಯರ ಪ್ರಭುತ್ವವು ಬೇರೂರಿದ ಬಗೆಯನ್ನು ಅರಿಯಲೆಳಸುವವರು ಕ್ಲೈವನ ಚರಿತ್ರೆಯೊಂದನ್ನೇ ಓದಿದರೆ ಸಾಲದು. ಅವನಿಗೆ ದಾರಿ ತೋರಿದ ಡೂಪ್ಲೆಯ ಚರಿತ್ರೆಯನ್ನೂ ಪರ್ಯಾಲೋಚಿಸಬೇಕು.

೧೬೯೭ರಲ್ಲಿ ಫ್ರಾನ್ಸಿನಲ್ಲಿ ಜನಿಸಿದ ಜೋಸೆಫ್ ಫ್ರಾನ್ಸ್ವಾ ಡೂಪ್ಲೆಯು ೧೭೩೧ರಲ್ಲಿ ಬಂಗಾಳದ ಚಂದ್ರನಗರದ ಆಡಳಿತವನ್ನು ವಹಿಸಿಕೊಂಡು, ಅಲ್ಲಿನ ವ್ಯಾಪಾರವನ್ನು ವೃದ್ಧಿಗೊಳಿಸಿ, ೧೭೪೨ರಲ್ಲಿ ಪಾಂಡಿಚೇರಿಯ ಗವರ್ನರನಾದನು. ಯೂರೋಪಿನಲ್ಲಿ ಆಂಗ್ಲರಿಗೂ ಫ್ರೆಂಚರಿಗೂ ಹತ್ತಿಕೊಂಡ ಯುದ್ಧದ ಕಿಡಿಯು ಚೋಳಮಂಡಲ ತೀರಕ್ಕೂ ಹಾರಿತು. ೧೭೪೬ರಲ್ಲಿ ಫ್ರೆಂಚರು ಮದರಾಸನ್ನು ಹಿಡಿದರು. ಊರನ್ನು ತನಗೊಪ್ಪಿಸಲಿಲ್ಲವೆಂದು ಮುನಿದ ಆರ್ಕಾಟಿನ ನವಾಬ ಅನ್ವರುದ್ದೀನನು ಕಳುಹಿದ ದೊಡ್ಡ ಸೈನ್ಯವು ಅಡಯಾರು ನದಿಯ ಬಳಿ ಸುಮಾರು ಸಾವಿರ ಮಂದಿಯ ದಂಡಿನೆದುರು ಚದುರಿಹೋಯಿತು. ಆ ದಂಡಿನಲ್ಲಿ ಹೆಚ್ಚಿನವರು ಈ ನೆಲದ ಸಿಪಾಯಿಗಳೇ ಆಗಿದ್ದರೆಂಬುದನ್ನು ವಾಚಕರು ಮರೆಯಲಾಗದು.

೧೭೪೮ರ ಕೌಲಿನಂತೆ ಮದರಾಸು ಆಂಗ್ಲರಿಗೆ ಮರಳಿತು. ಆದರೆ ಡೂಪ್ಲೆಯು ಕಲಿತ ಪಾಠವು ಉಳಿಯಿತು. ಆರ್ಕಾಟಿನ ನವಾಬಗಿರಿಗೂ ಹೈದರಾಬಾದಿನ ಗಾದಿಗೂ ದಾಯಾದಿಗಳು ಹೊಡೆದಾಡುತ್ತಿದ್ದರು. ಡೂಪ್ಲೆಯು ಚಂದಾಸಾಹೇಬ ಮತ್ತು ಮುಜಫರಜಂಗರ ಪಕ್ಷವನ್ನು ಹಿಡಿದನು. ೧೭೪೯ರಲ್ಲಿ ಆಂಬೂರಿನಲ್ಲಿ ಅನ್ವರುದ್ದೀನನು ಮಡಿದನು. ೧೭೫೦ರಲ್ಲಿ ನಾಸಿರಜಂಗನು ಹತನಾದನು. ದಖ್ಖಣದ ಸಿಂಹಾಸನಗಳನ್ನು ಒಬ್ಬ ವರ್ತಕರ ಪ್ರತಿನಿಧಿಯು ಹಂಚತೊಡಗಿದನು.

ಆಂಗ್ಲರು ಅದೇ ತಂತ್ರವನ್ನು ಕೈಕೊಂಡು ಅನ್ವರುದ್ದೀನನ ಮಗ ಮಹಮ್ಮದಾಲಿಯ ಬೆಂಬಲಕ್ಕೆ ನಿಂತರು. ೧೭೫೧ರಲ್ಲಿ ಕ್ಲೈವನು ಆರ್ಕಾಟನ್ನು ಹಿಡಿದನು. ಮರುವರ್ಷ ಚಂದಾಸಾಹೇಬನ ಕೊಲೆಯಾಯಿತು. ನಮ್ಮ ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯನೂ ತಿರುಚಿರಾಪಳ್ಳಿಯ ಕೋಟೆಯು ತನಗೆ ದೊರೆಯುವುದೆಂಬ ಮಾತನ್ನು ನಂಬಿ ಮಹಮ್ಮದಾಲಿಯ ನೆರವಿಗೆ ಹೋದನು. ಮಾತು ತಪ್ಪಿದಾಗ ಫ್ರೆಂಚರನ್ನು ಕೂಡಿಕೊಂಡನು. ಕಡೆಗೆ ೧೭೫೫ರಲ್ಲಿ, ಬೊಕ್ಕಸವನ್ನು ಬರಿದುಮಾಡಿಕೊಂಡು, ಕೋಟೆಯಿಲ್ಲದೆಯೇ ಹಿಂದಿರುಗಿದನು.

ಡೂಪ್ಲೆಯ ಗತಿಯೂ ಲೇಸಾಗಲಿಲ್ಲ. ಲಾಭವನ್ನಷ್ಟೇ ಬಯಸಿದ ಫ್ರೆಂಚ್ ಕಂಪೆನಿಯು ಯುದ್ಧದ ವೆಚ್ಚಕ್ಕೆ ಬೇಸತ್ತು ೧೭೫೪ರಲ್ಲಿ ಗೋದೆಯನ್ನು ಕಳುಹಿಸಿ ಅವನನ್ನು ಹಿಂದಕ್ಕೆ ಕರೆಸಿಕೊಂಡಿತು. ತಾನು ವ್ಯಯಿಸಿದ ಸ್ವಂತ ಹಣಕ್ಕಾಗಿ ಅದೇ ಕಂಪೆನಿಯ ಮೇಲೆ ವ್ಯಾಜ್ಯ ಹೂಡಿ, ೧೭೬೩ರಲ್ಲಿ ಪ್ಯಾರಿಸಿನಲ್ಲಿ ಬಡತನದಲ್ಲಿಯೇ ಅವನು ತೀರಿಕೊಂಡನು. ಅದಕ್ಕೆರಡು ವರ್ಷ ಮೊದಲೇ ಪಾಂಡಿಚೇರಿಯು ಆಂಗ್ಲರ ವಶವಾಗಿತ್ತು.

ಡೂಪ್ಲೆಯು ಸೋತನು, ಅವನ ಉಪಾಯವು ಗೆದ್ದಿತು. ದಾಯಾದಿಗಳ ಮತ್ಸರವನ್ನು ಏಣಿಯಾಗಿಸಿ, ನಾಡಿಗರ ತೋಳಿನಿಂದಲೇ ನಾಡನ್ನು ಗೆಲ್ಲುವ ಆ ಉಪಾಯವನ್ನು ಅವನ ಶತ್ರುಗಳು ಬಂಗಾಳದವರೆಗೂ ಒಯ್ದರು. ಆ ಏಣಿಯನ್ನು ಹಿಡಿದು ನಿಂತಿದ್ದವರು ನಮ್ಮ ಅರಸರೇ. ಮನೆಯ ಜಗಳವನ್ನು ತೀರಿಸಲು ಹೊರಗಿನವನನ್ನು ಕರೆದವನು ಮನೆಯನ್ನೇ ಒಪ್ಪಿಸಬೇಕಾಗುವುದೆಂಬುದೇ ಈ ಚರಿತ್ರೆಯ ಸಾರ.