ನಗೆಯ ಯಜಮಾನ ಗುಬ್ಬಿ ವೀರಣ್ಣನವರು

ನಮ್ಮ ಸಂಘದ ರಜತ ಮಹೋತ್ಸವ ಸಂಚಿಕೆಗೆ ನೀನೂ ಒಂದು ಲೇಖನ ಬರೆಯಬೇಕು ಎಂದು ಅಧ್ಯಕ್ಷರು ಅಪ್ಪಣೆ ಮಾಡಿದಾಗ ಹಿಂಜರಿದೆ. ಎಸ್.ಎಸ್.ಎಲ್.ಸಿ. ಮುಗಿಸಿ ಮೇಳಿ ಹಿಡಿದವನು ನಾನು. ಷೇರು, ಠೇವಣಿ, ಸಾಲ ವಸೂಲಿ ವಿಚಾರವನ್ನೆಲ್ಲ ಕಾರ್ಯದರ್ಶಿಗಳೇ ಬರೆದಿದ್ದಾರೆ. ನಾನೇನು ಬರೆಯಲಿ ಅಂತ ಯೋಚಿಸುತ್ತಿರುವಾಗ ಮಹೋತ್ಸವದ ರಾತ್ರಿ ಊರ ಹುಡುಗರು ಸದಾರಮೆ ನಾಟಕ ಆಡುವುದು ಗೊತ್ತಾಯಿತು. ಸದಾರಮೆ ಅಂದ ಮೇಲೆ ಕಳ್ಳನ ಪಾತ್ರ, ಕಳ್ಳನ ಪಾತ್ರ ಅಂದ ಮೇಲೆ ಗುಬ್ಬಿ ವೀರಣ್ಣನವರು. ಆದ್ದರಿಂದ ಆ ಮಹನೀಯರ ಬಗ್ಗೆ ನನಗೆ ತಿಳಿದಷ್ಟು ಬರೆಯುತ್ತೇನೆ. ತಪ್ಪಿದ್ದರೆ ಓದುಗ ಬಾಂಧವರು ತಿದ್ದಿಕೊಳ್ಳಬೇಕು.

ನಮ್ಮಜ್ಜ ಹತ್ತಿ ಹೇರಿಕೊಂಡು ಸೊಕ್ಕೆಯಿಂದ ದಾವಣಗೆರೆಗೆ ಗಾಡಿ ಕಟ್ಟಿದರೆ ಹತ್ತಿ ಮಾರಿದ ದಿನವೇ ತಿರುಗಿ ಬರುತ್ತಿರಲಿಲ್ಲವಂತೆ. ಪೇಟೆಯಲ್ಲಿ ಯಾವುದಾದರೂ ಕಂಪನಿ ಮೊಕ್ಕಾಂ ಮಾಡಿದ್ದರೆ, ಎತ್ತುಗಳನ್ನು ಜೊತೆಯವರಿಗೆ ಒಪ್ಪಿಸಿ ನೆಲದ ಟಿಕೇಟು ತಗೊಂಡು ಬೆಳಗಿನ ಜಾವದ ತನಕ ಕೂರುವುದು. ಹೀಗೆ ಒಂದು ಸಲ ಗುಬ್ಬಿ ಕಂಪನಿ ನೋಡಿ ಬಂದ ಕಥೆಯನ್ನು ಅಜ್ಜ ಸಾಯುವ ತನಕ ಹೇಳಿದ. ಅವನಿಗೆ ರಾಜನ ಪಾತ್ರ ಮಾಡಿದವರ ಹೆಸರು ನೆನಪಿರಲಿಲ್ಲ. ಕಳ್ಳ ಮಾತ್ರ ನೆನಪಿದ್ದ.

ವೀರಣ್ಣನವರು ಹುಟ್ಟಿದ್ದು 1891ರಲ್ಲಿ, ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ. ಅವರು ಹುಟ್ಟುವ ಮೊದಲೇ, 1884ರಲ್ಲಿ, ಆ ಊರಿನ ಕೆಲವು ಆಸಕ್ತರು ಒಟ್ಟಿಗೆ ಸೇರಿ ಗುಬ್ಬಿ ಶ್ರೀ ಚನ್ನಬಸವೇಶ್ವರ ಸ್ವಾಮಿ ಕೃಪಾಪೋಷಿತ ನಾಟಕ ಸಂಘ ಕಟ್ಟಿದ್ದರು. ಇದು ನಮ್ಮಂಥ ಸಹಕಾರಿಗಳು ಗಮನಿಸಬೇಕಾದ ವಿಷಯ. ಮುಂದೆ ದೇಶಕ್ಕೆಲ್ಲ ಹೆಸರಾದ ಕಂಪನಿ ಶುರುವಾದದ್ದು ಊರವರ ಒಗ್ಗಟ್ಟಿನಿಂದ, ಊರ ದೇವರ ಹೆಸರಿನಲ್ಲಿ. ವೀರಣ್ಣ ಇನ್ನೂ ಆರೇಳು ವರ್ಷದ ಹುಡುಗನಾಗಿದ್ದಾಗಲೇ ಈ ಸಂಘ ಸೇರಿದರು. ಅವರಿಗೆ ಶಾಲೆ, ಮಠ, ಮನೆ ಎಲ್ಲವೂ ರಂಗವೇ ಆಯಿತು. ಬಾಲಪಾತ್ರ ಮಾಡುತ್ತಾ ಬೆಳೆದು, ಹಾಸ್ಯಪಾತ್ರಗಳಲ್ಲಿ ಎತ್ತಿದ ಕೈ ಎನಿಸಿಕೊಂಡು, 1917ರಲ್ಲಿ ಕಂಪನಿಗೆ ತಾವೇ ಯಜಮಾನರಾದರು.

ಇಲ್ಲಿ ಒಂದು ಮಾತು ಹೇಳಬೇಕು. ಕಂಪನಿ ನಾಟಕಗಳಲ್ಲಿ ಯಜಮಾನ ಅಂದರೆ ಸಾಮಾನ್ಯವಾಗಿ ರಾಜಪಾರ್ಟಿನವನು, ಹಾಡಿನ ಗಂಟಲಿನವನು. ಕಿರೀಟ ಇಟ್ಟುಕೊಂಡು ನಡುವೆ ನಿಲ್ಲುವವನು. ವೀರಣ್ಣನವರು ಯಜಮಾನರಾದ ಮೇಲೂ ಹಾಸ್ಯಗಾರರಾಗಿಯೇ ಉಳಿದರು. ನೂರಾರು ಜನಕ್ಕೆ ಅನ್ನ ಹಾಕುವ ಮನುಷ್ಯ ರಾತ್ರಿ ಆದರೆ ಕಳ್ಳನ ವೇಷ ಹಾಕಿ ಹೆಣ್ಣುಮಗಳ ಹತ್ತಿರ ಏಮಾರಿ ನಿಲ್ಲುತ್ತಿದ್ದರು! ಬೆಳ್ಳಾವೆ ನರಹರಿ ಶಾಸ್ತ್ರಿಗಳು ಬರೆದ ಸದಾರಮೆ ನಾಟಕದಲ್ಲಿ ಕಳ್ಳ ಸದಾರಮೆಯನ್ನು ಹೊತ್ತೊಯ್ಯಲು ಬಂದು ಕೊನೆಗೆ ಅವಳ ಜಾಣತನಕ್ಕೆ ತಾನೇ ಸೋಲುತ್ತಾನೆ. ಓದಿದರೆ ಸಣ್ಣ ಪಾತ್ರ. ಆದರೆ ಜನ ಅದಕ್ಕೋಸ್ಕರವೇ ನಿದ್ದೆಗೆಟ್ಟು ಕಾಯುತ್ತಿದ್ದರು. ವಿನೋದ ರತ್ನಾಕರ ಎಂಬ ಬಿರುದು ಅವರಿಗೆ ಸುಮ್ಮನೆ ಬಂದದ್ದಲ್ಲ.

ಆ ಕಾಲದಲ್ಲಿ ಗ್ರಾಮಫೋನ್ ಪ್ಲೇಟುಗಳು ಬಂದಿದ್ದವು. ನಾಯಿ ಚಿತ್ರದ ಪ್ಲೇಟು ಅಂತ ಹಿರಿಯರು ಹೇಳುತ್ತಾರಲ್ಲ, ಅದೇ. ಅರಗಿನಿಂದ ಮಾಡಿದ್ದು, ಕೈ ಜಾರಿದರೆ ಒಡೆದು ಹೋಗುವಂಥದ್ದು, ನಿಮಿಷಕ್ಕೆ 78 ಸುತ್ತು ತಿರುಗುವುದು. ಒಂದು ಮಗ್ಗುಲಿಗೆ ಮೂರು ನಿಮಿಷ ಹಾಡಿದರೆ ಮುಗಿಯಿತು. ಶುರುವಿನಲ್ಲಿ ಮೈಕು ಕೂಡ ಇರಲಿಲ್ಲ. ಕಲಾವಿದರು ದೊಡ್ಡ ಕಹಳೆಯಂಥ ಕೊಳವೆಗೆ ಮುಖ ಕೊಟ್ಟು ಕೂಗಿ ಹಾಡಬೇಕಿತ್ತು. 1925ರ ಸುಮಾರಿಗೆ ವಿದ್ಯುತ್ ಮೈಕು ಬಂದ ಮೇಲೆ ಸುಧಾರಿಸಿತು. ನಾಟಕದ ಹಾಡುಗಳು ಈ ಪ್ಲೇಟುಗಳಲ್ಲಿ ಹಳ್ಳಿ ಹಳ್ಳಿಗೆ ಬಂದವು. ಜಾತ್ರೆಯಲ್ಲಿ ಕಾಸು ಕೊಟ್ಟು ಕೇಳುತ್ತಿದ್ದರಂತೆ. ಹಾಡಿಗೆ ಮೂರು ನಿಮಿಷ ಸಾಕು. ಹಾಸ್ಯಕ್ಕೆ ಸಾಲದು. ಹಾಸ್ಯಗಾರ ಬಂದು ನಿಂತು, ಜನರ ಮುಖ ನೋಡಿ, ಆ ಊರಿನ ಸುದ್ದಿ ಎತ್ತಿಕೊಂಡು, ಒಂದು ಕಡೆ ನಕ್ಕರೆ ಇನ್ನೊಂದು ಕಡೆ ತಿರುಗಿ ಮಾತು ಬೆಳೆಸುತ್ತಾನೆ. ಪ್ಲೇಟಿನಲ್ಲಿ ನಗುವವರು ಯಾರು?

ಇದು ನನ್ನ ಸ್ವಂತ ಅನುಭವ. ನಾನು ಇಪ್ಪತ್ತರ ಹುಡುಗನಾಗಿದ್ದಾಗ ಊರ ನಾಟಕದಲ್ಲಿ ಇದೇ ಕಳ್ಳನ ಪಾತ್ರ ಮಾಡಿದೆ. ಹಾರ್ಮೋನಿಯಂ ಮೇಷ್ಟ್ರು ಎರಡು ತಿಂಗಳು ಕಲಿಸಿದರು. ಒಂದು ಅಕ್ಷರ ತಪ್ಪದಂತೆ ಬಾಯಿಪಾಠ ಮಾಡಿದ್ದೆ. ರಂಗಕ್ಕೆ ಹೋಗಿ ಎಲ್ಲಾ ಒಪ್ಪಿಸಿದೆ. ಒಬ್ಬರೂ ನಗಲಿಲ್ಲ. ನಮ್ಮವ್ವ ಕೂಡ ನಗಲಿಲ್ಲ. ಬೆವರು ಇಳಿದುಹೋಯಿತು. ಅಷ್ಟರಲ್ಲಿ ಒಂದು ನಾಯಿ ರಂಗದ ಮೇಲೆ ಹತ್ತಿತು. ಸಿಟ್ಟಿನಲ್ಲಿ ಅದಕ್ಕೆ, ಕಳ್ಳ ಬಂದು ಇಷ್ಟೊತ್ತಾಯಿತು, ಈಗ ಎಚ್ಚರ ಆಯಿತೇನು ಅಂತ ಬೈದೆ. ಜನ ಬಿದ್ದು ಬಿದ್ದು ನಕ್ಕರು. ವೀರಣ್ಣನವರು ಯಾಕೆ ದೊಡ್ಡವರು ಅನ್ನುವುದು ನನಗೆ ಅವತ್ತು ರಾತ್ರಿ ಸ್ವಲ್ಪ ತಿಳಿಯಿತು. ಪುಸ್ತಕದಲ್ಲಿ ಇಲ್ಲದ್ದನ್ನು ಅವರು ದಿನಾ ಹುಟ್ಟಿಸಬೇಕಾಗಿತ್ತು, ಅದೂ ನಾಯಿಯ ಸಹಾಯ ಇಲ್ಲದೆ.

ಯಜಮಾನರಾಗಿ ಅವರು ತೋರಿಸಿದ ಧೈರ್ಯ ಇನ್ನೂ ದೊಡ್ಡದು. ಗಂಡಸರೇ ಸೀರೆ ಉಟ್ಟು ಹೆಣ್ಣಿನ ಪಾತ್ರ ಮಾಡುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳನ್ನು ರಂಗಕ್ಕೆ ತಂದರು. ಅವರ ಪತ್ನಿ ಬಿ. ಜಯಮ್ಮನವರು ಹಾಡು, ಅಭಿನಯ ಎರಡರಲ್ಲೂ ಹೆಸರು ಮಾಡಿದರು. ಮಕ್ಕಳಿಂದಲೇ ನಾಟಕ ಆಡಿಸಿದರು. 1930ರ ದಶಕದಲ್ಲಿ ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆ, ರಥಗಳನ್ನೇ ರಂಗದ ಮೇಲೆ ತಂದರು. ಆನೆಗೆ ಮೇವು ಹಾಕುವ ಖರ್ಚು ಎಷ್ಟೆಂದು ರೈತರಾದ ನಾವು ಲೆಕ್ಕ ಹಾಕಬಹುದು. ಕನ್ನಡ ಸೀಮೆ ಅಲ್ಲದೆ ಆಂಧ್ರ, ತಮಿಳು ಸೀಮೆಯಲ್ಲೂ ಕಂಪನಿ ಮೊಕ್ಕಾಂ ಮಾಡಿತು. ತೆಲುಗಿನಲ್ಲೂ ಆಡಿದರು.

ಹಾಗೆಂದು ಎಲ್ಲಾ ಕಡೆ ಲಾಭವೇ ಆಯಿತೆಂದಲ್ಲ. 1930ರ ಆಚೀಚೆ ಮೂಕಿ ಚಿತ್ರಗಳಿಗೆ ಕೈ ಹಾಕಿದರು. ಬೆಂಗಳೂರಿನಲ್ಲಿ ಸಂಸ್ಥೆ ಕಟ್ಟಿ ಹರಿಮಾಯಾ ಮುಂತಾದ ಚಿತ್ರ ತೆಗೆದರು. ಮಾತೇ ಬಂಡವಾಳವಾಗಿದ್ದ ಮನುಷ್ಯ ಮಾತಿಲ್ಲದ ಚಿತ್ರಕ್ಕೆ ದುಡ್ಡು ಸುರಿದರಲ್ಲ ಅಂತ ನನಗೆ ಆಶ್ಚರ್ಯ. ಹಾಕಿದ್ದಕ್ಕೆ ತಕ್ಕ ಫಲ ಬರಲಿಲ್ಲ, ಆ ಸಂಸ್ಥೆ ಬಹಳ ಕಾಲ ನಡೆಯಲೂ ಇಲ್ಲ. ನಮ್ಮ ಜಗಳೂರು ಸೀಮೆಯವರಿಗೆ ಇದು ಅರ್ಥವಾಗುತ್ತದೆ. ಒಂದು ವರ್ಷ ಮಳೆ ಕೈಕೊಟ್ಟಿತೆಂದು ಮುಂದಿನ ವರ್ಷ ಬಿತ್ತದೆ ಇರುತ್ತೇವೆಯೇ? ಅವರೂ ಬಿತ್ತಿದರು. 1934ರಲ್ಲಿ ಕನ್ನಡಕ್ಕೆ ಮಾತಿನ ಚಿತ್ರ ಬಂದ ಮಾರನೇ ವರ್ಷವೇ ಸದಾರಮೆ ತೆರೆಗೆ ಬಂತು. ಆಮೇಲೆ ಸುಭದ್ರಾ, ಜೀವನ ನಾಟಕ, 1946ರಲ್ಲಿ ಹೇಮರೆಡ್ಡಿ ಮಲ್ಲಮ್ಮ. ಮಲ್ಲಮ್ಮನ ಕಥೆ ಒಕ್ಕಲು ಮಕ್ಕಳ ಮನೆಮಾತು, ಅದರಲ್ಲಿ ಜಯಮ್ಮನವರದೇ ಮುಖ್ಯ ಪಾತ್ರ.

1954ರ ಬೇಡರ ಕಣ್ಣಪ್ಪ ಯಾರಿಗೆ ಗೊತ್ತಿಲ್ಲ? ಅದೂ ಗುಬ್ಬಿ ಬಳಗದ ಚಿತ್ರವೇ. ಡಾ. ರಾಜ್‌ಕುಮಾರ್ ಅವರು ನಾಯಕರಾದ ಮೊದಲ ಚಿತ್ರ ಅದು. ಅವರ ತಂದೆ ಪುಟ್ಟಸ್ವಾಮಯ್ಯನವರೂ ಗುಬ್ಬಿ ಕಂಪನಿಯ ನಟರು. ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಎಲ್ಲರೂ ಆ ಕಂಪನಿಯ ಅನ್ನ ಉಂಡವರು. ದಕ್ಷಿಣ ಕನ್ನಡದಿಂದ ಮನೆ ಬಿಟ್ಟು ಬಂದ ಒಬ್ಬ ಹುಡುಗನನ್ನು ಸೇರಿಸಿಕೊಂಡು, ಮುಂದೆ ಓದಲು ಕಾಶಿಗೆ ಕಳಿಸಿದರು. ಆತನೇ ಬಿ.ವಿ. ಕಾರಂತರು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ನಿರ್ದೇಶಕರಾದವರು. ಸಾಲ ಕೊಟ್ಟು ವಸೂಲಿ ಮಾಡುವ ನಾವು ಇಂಥ ಸಾಲವನ್ನು ಯಾವ ಪುಸ್ತಕದಲ್ಲಿ ಬರೆದುಕೊಳ್ಳುವುದೋ ಗೊತ್ತಿಲ್ಲ.

ಸಿನಿಮಾ ಬೆಳೆದಂತೆ ಡೇರೆಗೆ ಬರುವ ಜನ ಕಡಿಮೆಯಾದರು. ಯಾರು ಸಿನಿಮಾಕ್ಕೆ ನಟರನ್ನು ಕೊಟ್ಟರೋ ಅವರ ಕಂಪನಿಗೇ ಸಿನಿಮಾದ ಬಿಸಿ ತಟ್ಟಿತು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. ಕಲೆಯೇ ಕಾಯಕ ಎಂಬ ಹೆಸರಿನಲ್ಲಿ ಅವರ ಆತ್ಮಕಥೆ ಹೊರಬಂತು. 1972ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಸರ್ಕಾರ ರಂಗಭೂಮಿಯ ದೊಡ್ಡ ಪ್ರಶಸ್ತಿ ಇಟ್ಟಿದೆ. ಮೊಮ್ಮಗಳು ಬಿ. ಜಯಶ್ರೀ ಅವರೂ ರಂಗಭೂಮಿಯಲ್ಲಿ ಹೆಸರಾದರು.

ನಾನು ಹುಡುಗನಾಗಿದ್ದಾಗ ಊರಲ್ಲಿ ಟೇಪ್‌ರೆಕಾರ್ಡರ್ ಇದ್ದ ಮನೆಗಳಲ್ಲಿ ಮಾಸ್ಟರ್ ಹಿರಣ್ಣಯ್ಯನವರ ಲಂಚಾವತಾರದ ಕ್ಯಾಸೆಟ್ ಕೇಳುತ್ತಿದ್ದೆವು. ಅದರಲ್ಲಿ ಜನ ನಗುವುದೂ ಕೇಳಿಸುತ್ತಿತ್ತು. ವೀರಣ್ಣನವರ ಕಾಲಕ್ಕೆ ಇಡೀ ರಾತ್ರಿಯನ್ನು ಹೀಗೆ ಹಿಡಿದಿಡುವ ಯಂತ್ರ ಇದ್ದಿದ್ದರೆ ಅಜ್ಜ ಹೇಳಿದ ಆ ಕಳ್ಳನ ದನಿಯನ್ನು ನಾನೂ ಕೇಳಬಹುದಿತ್ತು. ಅಜ್ಜ ಅದನ್ನು ಅನುಕರಣೆ ಮಾಡಲು ಹೋಗಿ ಪ್ರತಿ ಸಲ ತಾನೇ ಮೊದಲು ನಕ್ಕು ಮಾತು ಮರೆಯುತ್ತಿದ್ದ.

ಮಹೋತ್ಸವದ ರಾತ್ರಿ ಒಂಬತ್ತೂವರೆಗೆ ನಾಟಕ ಶುರು. ಕಳ್ಳನ ಪಾತ್ರಕ್ಕೆ ಈ ಸಲ ನನ್ನನ್ನು ಕೇಳಲಿಲ್ಲ, ಸಂಘದ ಗೊಬ್ಬರದ ಗೋಡೌನು ಕಾಯುವವನನ್ನೇ ಹಾಕಿದ್ದಾರೆ. ಸದಸ್ಯರೆಲ್ಲರೂ ಮನೆ ಮಂದಿ ಸಮೇತ ಬರಬೇಕು, ಚಾಪೆ ಮನೆಯಿಂದಲೇ ತರಬೇಕು.